ಶನಿವಾರದ ಜೊತೆ

ಸಣ್ಣಸ್ವಾಮಿ ಹಸಿ ಬಿದಿರಿಗೆ ಮೊಣಕಾಲು ಒತ್ತಿ ಹಗ್ಗ ಬಿಗಿಯುತ್ತಿದ್ದ. ಎಪ್ಪತ್ತು ದಾಟಿದ ಕೈ. ಗಂಟು ಎರಡು ಸಲ ಜಾರಿತು. ಆದರೂ ಅಕ್ಕ ದೇವೀರಮ್ಮನ ಚಟ್ಟವನ್ನು ಬೇರೆಯವರಿಗೆ ಬಿಡಲು ಅವನಿಗೆ ಮನಸ್ಸಿರಲಿಲ್ಲ. ಅಂಗಳದಲ್ಲಿ ಇನ್ನೂರು ಜನ ನೆರೆದಿದ್ದರು. ಬಿದಿರಿನ ಇನ್ನೊಂದು ತುದಿ ಹಿಡಿಯಲು ಬಂದವನು ಎಸ್ಟೇಟಿನ ಕೂಲಿ ಲೈನಿನ ಬೊಮ್ಮ ಒಬ್ಬನೇ. ಉಳಿದವರಿಗೆ ಅಳುವ ಕೆಲಸವಿತ್ತು.

"ಅತ್ತೇ, ನನ್ನೂ ಕರ್ಕೊಂಡು ಹೋಗ್ರವ್ವಾ! ನೀವಿಲ್ದಿರೋ ಮನೇಲಿ ನಾನೆಂಗಿರ್ಲೀ!"

ಸೊಸೆ ತಂಗಮ್ಮ ಹೆಣದ ಮೇಲೆ ಬಿದ್ದು ಹೊರಳುತ್ತಿದ್ದಳು. ಹೊಸಬರು ಅಂಗಳಕ್ಕೆ ಕಾಲಿಟ್ಟರೆ ಅಳು ಏರುತ್ತಿತ್ತು. ಅವರು ಕೂತರೆ ಇಳಿಯುತ್ತಿತ್ತು.

ದೇವೀರಮ್ಮ ಆ ದಿನ ಹೊತ್ತು ಮೂಡುವಾಗ ಶಿವನ ಪಾದ ಸೇರಿದ್ದಳು. ಮನೆ ಶನಿವಾರಸಂತೆಯ ದಾರಿಯಲ್ಲೇ. ಸಂತೆಗೆ ಹೊರಟವರು ಸುದ್ದಿ ಕೇಳಿ ಒಳಗೆ ಬಂದಿದ್ದರು. ಬಾಳೆಗೊನೆ, ಕೋಳಿಬುಟ್ಟಿ, ಖಾಲಿ ಚೀಲಗಳನ್ನು ಜಗಲಿಯ ಗೋಡೆಗೆ ಒರಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ಐವತ್ತು ವರ್ಷದಿಂದ ಆ ಜಗಲಿಯಲ್ಲಿ ಮಜ್ಜಿಗೆ ಕುಡಿಯದೆ ಸಂತೆಗೆ ಹೋದವರು ಯಾರೂ ಇರಲಿಲ್ಲ. ದೇವೀರಮ್ಮ ಹಿಡಿದು ಕೂರಿಸಿ, ಅವರ ಮನೆಯ ಕರುವಿನ ಕಾಲುನೋವಿನವರೆಗೆ ವಿಚಾರಿಸಿ, ಆಮೇಲೆ ತಾನೂ ಸೆರಗು ಹೊದ್ದು ಅವರ ಜೊತೆಗೇ ಸಂತೆಗೆ ಹೊರಟುಬಿಡುತ್ತಿದ್ದಳು. ಕೊಳ್ಳುವುದಕ್ಕೇನೂ ಅಲ್ಲ.

ಬೆಂಚಿನ ಮೇಲೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮೊಣ್ಣಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಇಷ್ಟು ಹೊತ್ತೂ ಅವನು ಕೊಡಗು ಮೈಸೂರಿಗೆ ಸೇರಿ ಎರಡು ವರ್ಷವಾಯಿತು, ಒಂದು ಮೋರಿ ಕಟ್ಟುವುದಕ್ಕೂ ಬೆಂಗಳೂರಿಗೆ ಅರ್ಜಿ ಹಾಕಬೇಕು ಎಂದು ಪಕ್ಕದವರಿಗೆ ಬೋಧಿಸುತ್ತಿದ್ದ. ಅಲ್ಲಿಂದ ಮಾತನ್ನು ಹೆಣದ ಕಡೆಗೆ ತಿರುಗಿಸಿದ.

"ನನ್ನ ಹೆತ್ತವ್ವ ಬೇರೆ ಅಲ್ಲ, ಇವರು ಬೇರೆ ಅಲ್ಲ. ಊರಲ್ಲೆಲ್ಲ ನನ್ನ ಕಂಡ್ರೆ ಇವರಿಗೆ ಪ್ರಾಣ."

"ಹೇಳ್ಬೇಡಿ ರೈಟ್ರೇ," ಹೊಗೆಸೊಪ್ಪಿನ ವ್ಯಾಪಾರಿ ಬಿಟ್ಟುಕೊಡಲಿಲ್ಲ. "ನಂಗೆ ಅಂತ್ಲೇ ಗಟ್ಟಿಮೊಸರು ಎತ್ತಿಡೋರು. ನಿಮಗೆ ಎತ್ತಿಟ್ಟಿದ್ರಾ?"

"ಮೊಸರೇನು, ನಂಗೆ ತುಪ್ಪ ಹಾಕೋರು."

ಹರಾಜಿನಲ್ಲಿ ಕೂಗಿದಂತೆ ಕೂಗುತ್ತಿದ್ದಾರೆ ಎನ್ನಿಸಿತು ಸಣ್ಣಸ್ವಾಮಿಗೆ. 'ನಿಂಗೆ ಅಂತ್ಲೇ ಎತ್ತಿಟ್ಟಿದ್ದೆ' ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು. ಒಂದೇ ಗಡಿಗೆ, ಒಂದೇ ಸುಳ್ಳು. ಈ ದಡ್ಡರು ಅದನ್ನು ಮೂವತ್ತು ವರ್ಷ ನಂಬಿದ್ದಾರೆ.

*

ವಾಂತಿಭೇದಿಯ ವರ್ಷ ಮೊಣ್ಣಪ್ಪನ ಹೆತ್ತವ್ವ ಸತ್ತಾಗ ಹೆಣ ಒಂದು ಹಗಲೆಲ್ಲ ಒಳಗೇ ಬಿದ್ದಿತ್ತು. ಮೊಣ್ಣಪ್ಪ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಲಸಿನ ಮರದಡಿ ನಿಂತಿದ್ದ. ನೆಂಟರು ಅಷ್ಟು ಹತ್ತಿರವೂ ಬಂದಿರಲಿಲ್ಲ. ದೇವೀರಮ್ಮ ಒಂದು ಕೊಡ ಬಿಸಿನೀರು ಹೊತ್ತು ಒಳಗೆ ಹೋದಳು.

ಹಿಂದೆಯೇ ಓಡಿ ಬಂದ ಸಣ್ಣಸ್ವಾಮಿ ಹೊಸಿಲ ಈಚೆ ನಿಂತುಬಿಟ್ಟ. ಒಳಗೆ ಅಕ್ಕ ಹೆಣದ ಮೇಲೆ ನೀರು ಹುಯ್ಯುತ್ತ ಮಾತಾಡುತ್ತಿದ್ದಳು.

"ಈ ಸಲ ಸಂತೇಲಿ ಮೆಣಸಿನಕಾಯಿ ಮುಟ್ಟಂಗಿಲ್ಲ ಕಣವ್ವ. ಆ ಬಳೆಗಾರ ನಿನ್ನ ಕೇಳ್ದ. ಎಲ್ಲಿ ಇನ್ನೊಂದು ಕಾಲು, ಕೊಡವ್ವ ಇತ್ತ."

"ಅಕ್ಕಯ್ಯ, ಈಚೆಗೆ ಬಾ. ರೋಗ ಹತ್ತುತ್ತೆ!"

"ಸುಮ್ನಿರೋ ಸಣ್ಣ. ಈಯಮ್ಮನ್ನ ಮಾತಾಡಿಸ್ದೆ ಕಳಿಸಿದ್ರೆ ಬೇಜಾರು ಮಾಡ್ಕೊತಾಳೆ. ನೀನೂ ಬಂದು ಕೊಡ ಬಗ್ಗಿಸ್ತೀಯಾ?"

ಅವನು ಬಗ್ಗಿಸಲಿಲ್ಲ. ಶಿವ ಶಿವಾ ಎನ್ನುತ್ತ ಹೊಸಿಲ ಈಚೆಯೇ ನಿಂತಿದ್ದ. ದಿನಕ್ಕೆ ಮೂರು ಹೊತ್ತು ವಿಭೂತಿ ಇಟ್ಟುಕೊಳ್ಳುವವನ ಕಾಲು ಅಂದು ಮೇಲೇಳಲಿಲ್ಲ.

*

ಗದ್ದೆಯ ಅಂಚಿನಲ್ಲಿ ಗುಂಡಿ ತೋಡಿ ಬಂದ ಆಳು ಸಿದ್ದ ಕೈಯ ಮಣ್ಣು ಒರೆಸುತ್ತ ಅಂಗಳದಂಚಿನಲ್ಲಿ ನಿಂತ.

"ಗುಂಡಿ ಆಯ್ತು ಬುದ್ದೀ. ಕೋಳಿ ಎಲ್ಲಿ?"

"ಯಾವ ಕೋಳಿಯೋ?" ದೇವೀರಮ್ಮನ ಮಗ ಪುಟ್ಟಸ್ವಾಮಿ ಕೇಳಿದ.

"ಇವತ್ತು ಶನಿವಾರ ಅಲ್ವಾ ಬುದ್ದಿ? ಶನಿವಾರ ಸತ್ತೋರು ಒಬ್ರೇ ಹೋಗಕಿಲ್ಲ. ತಮಗೆ ಬೇಕಾದೋರ್ನ ಜೊತೆಗೆ ಕರ್ಕೊತಾರೆ. ಅವರ ಬದ್ಲು ಚಟ್ಟಕ್ಕೆ ಜೀವ ಇರೋ ಕೋಳಿ ಕಟ್ಬೇಕು."

ತಂಗಮ್ಮನ ಅಳು ನಡುವೆಯೇ ಕಡಿದುಹೋಯಿತು. ಅವಳು ಎದ್ದು, ಸೀರೆ ಸರಿಮಾಡಿಕೊಂಡು, ಎರಡು ಮಾರು ಹಿಂದೆ ಸರಿದಳು.

"ಕರ್ಕೊಂಡು ಹೋಗು ಅಂದದ್ದು ದುಃಖಕ್ಕೆ ಬಾಯಿಗೆ ಬಂದದ್ದು ಕಣ್ರೀ," ಎಂದಳು, ಹೆಣಕ್ಕೂ ಕೇಳಿಸುವ ಹಾಗೆ. "ನಮ್ಮತ್ತೆಗೆ ನನ್ನ ಕಂಡ್ರೆ ಅಷ್ಟಕ್ಕಷ್ಟೇ. ಊರಿಗೇ ಗೊತ್ತು."

ಮೊಣ್ಣಪ್ಪ ಕಾಲು ಕೆಳಗಿಳಿಸಿದ. "ನಾವು ಏನಿದ್ರೂ ನೆರೆಹೊರೆಯವರು. ಅವರಿಗೆ ನಿಜವಾಗಿ ಬೇಕಾದವರು ಅಂದ್ರೆ ಇವರೇ, ಹೊಗೆಸೊಪ್ಪಿನವರು."

"ನಾನಾ? ವಾರಕ್ಕೊಂದ್ಸಲ ಬರೋನು! ಮೊಸರು ಅಂದ್ನಲ್ಲ, ಅದೂ ಹುಳಿ ಬಂದದ್ದೇ ಇರ್ತಿತ್ತು ಸ್ವಾಮೀ."

ಜಗಲಿಗೆ ಒರಗಿಸಿದ್ದ ಬುಟ್ಟಿಯೊಂದರಿಂದ ಕೆಂಪು ಹ್ಯಾಟೆಕೋಳಿಯೊಂದು ಈಚೆ ಬಂತು. ಬುಟ್ಟಿಯವನು ಸಂತೆಯ ಬೆಲೆಯನ್ನೂ ಕೇಳಲಿಲ್ಲ. ಪುಟ್ಟಸ್ವಾಮಿ ಸೋದರಮಾವನ ಕಿವಿಯ ಹತ್ತಿರ ಬಾಗಿದ. "ಮಾವ, ಎರಡು ಕಟ್ಟಾನ. ಅವ್ವನಿಗೆ ಜನ ಜಾಸ್ತಿ ಬೇಕು."

ಹ್ಯಾಟೆಯ ಕಾಲಿಗೆ ದಾರ ಸುತ್ತಿ ಚಟ್ಟದ ತುದಿಗೆ ನೇತುಹಾಕಿದರು. ಅದು ರೆಕ್ಕೆ ಬಡಿದು ಬಡಿದು ಸೋತು ತಲೆ ಕೆಳಗೆ ಬಿಟ್ಟಿತು. ಆಗ ಎಲ್ಲರಿಗೂ ಧೈರ್ಯ ಬಂತು. ಹೆಗಲು ಕೊಡುವುದಕ್ಕೆ ಮೂರು ನಾಲ್ಕು ಜನ ಪಂಚೆ ಮೇಲೆ ಕಟ್ಟಿದರು. ತಂಗಮ್ಮನಿಗೆ ಮತ್ತೆ ಅಳು ಬಂತು.

ಶನಿವಾರದ ಸಾವಿನ ಮಾತು ಸುಳ್ಳೆಂದು ಸಣ್ಣಸ್ವಾಮಿಗೆ ಅನ್ನಿಸಿರಲಿಲ್ಲ. ಅವನು ವಾರ, ತಿಥಿ, ನಕ್ಷತ್ರ ನೋಡದೆ ಉಗುರನ್ನೂ ಕತ್ತರಿಸಿದವನಲ್ಲ. ಕಟ್ಟದಿದ್ದರೆ ಅಕ್ಕ ಯಾರನ್ನಾದರೂ ಕರೆದೇ ಕರೆಯುತ್ತಾಳೆ. ಅದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಆದರೆ ಮೈ ತೊಳೆದು ಚಟ್ಟದ ಮೇಲೆ ಮಲಗಿಸಿದ್ದ ಅಕ್ಕನ ಮುಖವನ್ನು ನೋಡಿದ. ಹುಲಿಯ ದಾರಿಯಲ್ಲಿ ಆಡು ಕಟ್ಟಿದ ಹಾಗೆ ಕಟ್ಟಿದ್ದಾರೆ. ಊರಿಗೆಲ್ಲ ಮಜ್ಜಿಗೆ ಎರೆದವಳಿಗೆ ಊರು ಹೀಗೆ ಹೆದರಿ ಕೋಳಿ ಎಸೆದು ಕಳಿಸುವುದೆ?

ಬಿದಿರು ಸೀಳಿದ ಕತ್ತಿ ಕೈಯಲ್ಲೇ ಇತ್ತು. ದಾರ ಕತ್ತರಿಸಿದ. ಹ್ಯಾಟೆ ದೊಪ್ಪನೆ ನೆಲಕ್ಕೆ ಬಿತ್ತು.

"ಮಾವ! ಏನ್ ಮಾಡ್ಬುಟ್ಟೆ!"

ಹೆಗಲು ಕೊಡಲು ಬಂದವರು ಪಂಚೆ ಇಳಿಸಿದರು. ಸಣ್ಣಸ್ವಾಮಿ ಮೊಣಕಾಲೂರಿ ಹೆಣದ ಕಿವಿಯ ಬಳಿಗೆ ಬಗ್ಗಿದ.

"ಅಕ್ಕಯ್ಯ, ಇವರ್ಯಾರ್ನೂ ಕೂಗ್ಬ್ಯಾಡ. ದಾರಿ ಮಧ್ಯ ಕೈಬಿಟ್ಟು ಓಡೋ ಜನ. ಜೊತೆ ಬೇಕು ಅನ್ನಿಸಿದ್ರೆ ನನ್ನ ಕೂಗು. ಈ ಸಲ ಹೊಸಿಲ ಈಚೆ ನಿಂತ್ಕೊಳಲ್ಲ. ಬತ್ತೀನಿ."

ಎದ್ದು ಮುಂದಿನ ಬಿದಿರಿಗೆ ಹೆಗಲು ಕೊಟ್ಟ. "ಯಾರು ಬತ್ತೀರ?"

ಇನ್ನೂರು ಜನ ನೆಲ ನೋಡಿದರು. ಬೊಮ್ಮ ಬಂದ. ಸಿದ್ದ ಬಂದ. ಬೇರೆ ದಿನವಾಗಿದ್ದರೆ ಅವರಿಬ್ಬರು ಗೌಡರ ಮನೆಯ ಚಟ್ಟಕ್ಕೆ ಹೆಗಲು ಕೊಟ್ಟಿದ್ದಕ್ಕೆ ಊರು ಎರಡು ಪಂಚಾಯಿತಿ ಸೇರಿಸುತ್ತಿತ್ತು. ಅಂದು ಯಾರಿಗೂ ಜಾತಿ ನೆನಪಾಗಲಿಲ್ಲ. ನಾಲ್ಕನೆಯ ಮೂಲೆಗೆ ಪುಟ್ಟಸ್ವಾಮಿ ಬಂದ, ಎಲ್ಲರೂ ತನ್ನನ್ನೇ ನೋಡುತ್ತಿದ್ದರು ಎಂಬ ಕಾರಣಕ್ಕೆ. ಕಣ್ಣು ಮಾತ್ರ ಮುಚ್ಚಿಕೊಂಡಿದ್ದ.

ಚಟ್ಟ ಎದ್ದಿತು. ಬೊಮ್ಮನ ಹೆಂಡತಿ ಮುಂದೆ ಮುಂದೆ ಪುರಿ ಎರಚುತ್ತ ನಡೆದಳು. ಎಪ್ಪತ್ತರ ಹೆಗಲಿಗೆ ಬಿದಿರು ಒತ್ತುತ್ತಿತ್ತು. ಸಣ್ಣಸ್ವಾಮಿ ಪ್ರತಿ ಹೆಜ್ಜೆಗೂ ಅಕ್ಕ ತನ್ನನ್ನು ಕೂಗುತ್ತಾಳೇನೋ ಎಂದು ಕಿವಿಗೊಡುತ್ತಿದ್ದ. ತುಸು ಹೊತ್ತಿನ ಮೇಲೆ ಅವನೇ ಮಾತಾಡಲು ಶುರುಮಾಡಿದ, ಸಣ್ಣ ದನಿಯಲ್ಲಿ: ಗದ್ದೆಯ ನೀರು, ಕೆಂದ ಹಸುವಿನ ಗಬ್ಬ, ಹೋದ ವಾರ ಸಂತೆಗೆ ಬಂದ ಹೊಸ ಬಳೆಗಾರ.

ಬಿಡುಗಡೆಯಾದ ಹ್ಯಾಟೆ ಎಲ್ಲಿಗೂ ಓಡಲಿಲ್ಲ. ಬೆಳಗಿನಿಂದ ಬುಟ್ಟಿಯಲ್ಲಿ ಹಸಿದಿದ್ದ ಅದು ಚಟ್ಟದ ಹಿಂದೆಯೇ ಪುರಿ ಹೆಕ್ಕುತ್ತ ಹೊರಟಿತು. ಅದರ ಹಿಂದೆ, ಒಂದು ಕೂಗಳತೆ ದೂರದಲ್ಲಿ, ಮೊಣ್ಣಪ್ಪ, ತಂಗಮ್ಮ, ಹೊಗೆಸೊಪ್ಪಿನವನು, ಸಂತೆಯ ಜನವೆಲ್ಲ ಬರುತ್ತಿದ್ದರು. ಹ್ಯಾಟೆ ನಿಂತಾಗಲೆಲ್ಲ ಅವರೂ ನಿಲ್ಲುತ್ತಿದ್ದರು.