ಎಮಿಲ್ ವ್ರಾನಾನ ಮಣ್ಣಿಗೆ ಬಂದವರು

ನೆಬ್ರಾಸ್ಕದ ಆ ಪುಟ್ಟ ಊರಿನ ರೇಡಿಯೊದಲ್ಲಿ ವರ್ನಾ ದೋಸ್ತಾಲ್ ಇಪ್ಪತ್ತೇಳು ವರ್ಷ, ಪ್ರತಿ ಬೆಳಿಗ್ಗೆ ಏಳೂವರೆಗೆ, ತೀರಿಕೊಂಡವರ ಹೆಸರು ಓದಿದ್ದಳು. ಯಾರು, ಯಾವ ಚರ್ಚು, ಮಣ್ಣು ಎಷ್ಟು ಹೊತ್ತಿಗೆ, ಅಷ್ಟೇ. ಹಾಲು ಕರೆಯುವವರು ಕೂಡ ಆ ಐದು ನಿಮಿಷ ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದರು.

ಕೇಳುಗರು ಕಡಿಮೆಯಾಗುತ್ತಿದ್ದಾರೆಂದು ದಿನಾ ಸಂಜೆ ರೇಡಿಯೊದಲ್ಲಿ ತಾನೇ ಭಾಷಣ ಮಾಡುವ ಮಾಲೀಕ ಡ್ವೇನ್ ಕುಚೇರಾ ಡಲ್ಲಾಸಿನಿಂದ ಹೋಲಿಸ್ ಎಂಬ ಸಲಹೆಗಾರನನ್ನು ಕರೆಸಿದ. ಅವನು ಮೂರು ದಿನ ಕೆಫೆಯಲ್ಲಿ ಕೂತು, ಬಂದಬಂದವರನ್ನೆಲ್ಲ ಮಾತಾಡಿಸಿ, ವರದಿ ಕೊಟ್ಟು ಹೋದ.

"ಸಾವಿನ ಸುದ್ದಿ ಇನ್ಮೇಲೆ ಬೇಡ ವರ್ನಾ," ಎಂದ ಡ್ವೇನ್. "ಬೆಳಬೆಳಗ್ಗೆ ಹೆಣ ಎಣಿಸಿದ್ರೆ ಯಾರು ಕೇಳ್ತಾರೆ ಅಂತ ಬರ್ದಿದಾನೆ. ಹಾಡು ಹಾಕು."

ವರ್ನಾ ಹಾಡು ಹಾಕಿದಳು.

ಮೇ ತಿಂಗಳಲ್ಲಿ ಅವಳ ಪಕ್ಕದ ಮನೆಯ ಎಮಿಲ್ ವ್ರಾನಾ ತೀರಿಕೊಂಡ. ಮೂವತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವನು. ಅರ್ಧ ಊರು ಅವನ ಬಸ್ಸಲ್ಲೇ ಬೆಳೆದದ್ದು. ಮಣ್ಣಿನ ದಿನ ಚರ್ಚಿನ ಬಳಿ ಕಾರು ನಿಲ್ಲಿಸಲು ಜಾಗ ಸಿಗುವುದೋ ಇಲ್ಲವೋ ಎಂದು ವರ್ನಾ ನಡೆದೇ ಹೋದಳು.

ಚರ್ಚಿನೊಳಗೆ ಎಮಿಲ್‌ನ ಹೆಂಡತಿ ಲುಡ್ಮಿಲಾ, ಇಬ್ಬರು ಹೆಣ್ಣುಮಕ್ಕಳು, ಫಾದರ್. ಮತ್ಯಾರೂ ಇಲ್ಲ. ನೆಲಮಾಳಿಗೆಯಲ್ಲಿ ಇನ್ನೂರು ಜನರಿಗೆ ಜೋಡಿಸಿಟ್ಟ ಹ್ಯಾಮು, ಕೊಲಾಚೆ ಸಿಹಿಬನ್ನುಗಳು ಹಾಗೇ ಇದ್ದವು.

ಲುಡ್ಮಿಲಾ ಅವಳ ಕೈ ಹಿಡಿದುಕೊಂಡಳು. "ಇವ್ರು ಯಾರಿಗೆ ಏನು ಮಾಡಿದ್ರು ವರ್ನಾ? ಜನಕ್ಕೆ ಯಾಕೆ ಇಷ್ಟೊಂದು ಸಿಟ್ಟು?"

ಸಿಟ್ಟಲ್ಲ, ಊರಿಗೆ ಸುದ್ದಿಯೇ ಮುಟ್ಟಿಲ್ಲವೆಂದು ವರ್ನಾಳಿಗೆ ಗೊತ್ತಿತ್ತು. ಅಲ್ಲಿಂದ ನೆಟ್ಟಗೆ ರೇಡಿಯೊ ಸ್ಟೇಷನ್ನಿಗೆ ಬಂದು ಹೋಲಿಸ್‌ಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು. ಅವನು ಪೂರ್ತಿ ಕೇಳಿಸಿಕೊಂಡ.

"ಮೇಡಂ, ನನ್ನ ವರದಿಯ ಮೊದಲನೇ ಪುಟ ಓದಿ. ಆ ಐದು ನಿಮಿಷ ಮುಟ್ಟಬೇಡಿ, ನಿಮ್ಮ ಸ್ಟೇಷನ್ ನಿಂತಿರೋದೇ ಅದರ ಮೇಲೆ ಅಂತ ಬರೆದಿದೀನಿ. ತೆಗೀರಿ ಅಂದಿದ್ದು ಮಾಲೀಕರ ಸಂಜೆ ಭಾಷಣಾನ."

ರಿಸೀವರ್ ಕುಕ್ಕಿ, ಅವಳು ಡ್ವೇನ್‌ನ ಕೋಣೆಗೆ ನುಗ್ಗಿದಳು.

"ನೀನೂ ಎಮಿಲ್ ಬಸ್ಸಲ್ಲೇ ಹೋದವ್ನಲ್ವೇನೋ?"

ಡ್ವೇನ್ ತಲೆಯೆತ್ತಲಿಲ್ಲ. "ಹನ್ನೊಂದು ವರ್ಷದಿಂದ ಮಾತಾಡ್ತಿದೀನಿ. ನಂದನ್ನ ಒಬ್ರೂ ಕೇಳಲ್ಲ, ನಿಂದನ್ನ ಊರೇ ಕೇಳುತ್ತೆ ಅಂತ ಆ ಹೋಲಿಸ್ ಬರ್ದಿದ್ದ, ವರ್ನಾ."

ಮರುದಿನ ಏಳೂವರೆಗೆ ಅವಳು ಯಾರನ್ನೂ ಕೇಳದೆ ಓದಿದಳು: "ಎಮಿಲ್ ವ್ರಾನಾ. ಮಣ್ಣು ಮುಗಿದಿದೆ. ಲುಡ್ಮಿಲಾ ಮನೆಯಲ್ಲಿದ್ದಾಳೆ."

ಮಧ್ಯಾಹ್ನದ ಹೊತ್ತಿಗೆ ಲುಡ್ಮಿಲಾಳ ಮನೆಯಿಂದ ಬೀದಿಯ ಕೊನೆವರೆಗೂ ಕಾರುಗಳು ನಿಂತಿದ್ದವು. ಡ್ವೇನ್ ಕೂಡ ಬಂದು, ಟೋಪಿ ಕೈಯಲ್ಲಿ ಹಿಡಿದು ಬೇಲಿಯ ಹೊರಗೇ ನಿಂತಿದ್ದ. ವರ್ನಾ ಲುಡ್ಮಿಲಾಳ ಮನೆಯೊಳಗಿನ ಕಿಟಕಿಯಿಂದ ನೋಡಿದಳು. ಒಳಗೆ ಬಾ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.