ನಾನೇ ಆರಿಸಿದ್ದೇನೆ

ಪ್ರತಿ ಶನಿವಾರ ಬೆಳಿಗ್ಗೆ ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟುತ್ತಿತ್ತು. ಮೆಕ್ಸಿಕೋದ ಮಾಸಾತ್ಲಾನಿನ ಕಡಲದಂಡೆಯ ಆ ಮೀನೂಟದ ಹೋಟೆಲಿನ ಒಂಬತ್ತು ಜನ ಸಪ್ಲೈಯರುಗಳ ಹೆಸರು, ಹೆಸರಿನ ಮುಂದೆ ಒಂದೊಂದು ಅಂಕಿ. ಯಾರು ಎಷ್ಟು ತಟ್ಟೆ ಹೊತ್ತರು, ಯಾರ ಕಾಲು ಎಷ್ಟು ಊದಿತು ಅನ್ನುವ ಲೆಕ್ಕವಲ್ಲ ಅದು. ಪರದೇಶದ ಕಾರ್ಡಿನಿಂದ ಬಂದ ಹಣದಲ್ಲಿ ನೂರಕ್ಕೆ ಎಷ್ಟನ್ನು ನೀನು ಪೆಸೊ ಬಿಟ್ಟು ಡಾಲರಿನಲ್ಲಿ ಕೊಯ್ದೆ ಅನ್ನುವ ಲೆಕ್ಕ.

ಕಾರ್ಡು ಹೊರಗಿನದು ಅಂತ ಮೂಸಿ ತಿಳಿದ ಕೂಡಲೇ ಮಷಿನ್ನು ಕೇಳುತ್ತದೆ: ಪೆಸೊದಲ್ಲಿ ಕಟ್ಟುತ್ತೀರೋ, ನಿಮ್ಮ ಡಾಲರಿನಲ್ಲೋ? ಪೆಸೊ ಅಂದರೆ ಗಿರಾಕಿಯ ಬ್ಯಾಂಕು ಆ ದಿನದ ದರಕ್ಕೆ ಬದಲಾಯಿಸಿಕೊಳ್ಳುತ್ತದೆ. ಡಾಲರು ಅಂದರೆ ಮಷಿನ್ನಿನ ಕಂಪನಿಯವರು ತಮಗೆ ತೋಚಿದ ದರ ಹಾಕಿ ನೂರಕ್ಕೆ ಎಂಟೊಂಬತ್ತು ಮೇಲೆ ಕೀಳುತ್ತಾರೆ. ಅದರಲ್ಲೊಂದು ತುಂಡು ಧಣಿಯ ಬಾಯಿಗೆ. ಗಿರಾಕಿಗೆ ಕೇಳಬೇಕಾದ ಪ್ರಶ್ನೆ ಅದು. ಆದರೆ ಇಲ್ಲಿ ಗಿರಾಕಿಯ ಕಣ್ಣಿಗೇ ಬೀಳುವುದಿಲ್ಲ. ಮಷಿನ್ನನ್ನು ಅವನ ಕಡೆ ತಿರುಗಿಸುವ ಮೊದಲೇ ಸಪ್ಲೈಯರಿನ ಹೆಬ್ಬೆರಳು ಡಾಲರನ್ನು ಒತ್ತಿ ಮುಗಿಸಿರುತ್ತದೆ.

ಎರಡು ವಾರದಿಂದ ಹಾಳೆಯ ಕಟ್ಟಕಡೆಯ ಹೆಸರು ದೊಮಿತಿಲಾಳದು. ಮೊದಲನೇ ವಾರ ಅವಳನ್ನು ಕಡಲ ಕಡೆಯ ಮೇಜುಗಳಿಂದ ಎತ್ತಿ ಕಕ್ಕಸಿನ ಪಕ್ಕದ ಮೇಜುಗಳಿಗೆ ಹಾಕಿದ್ದರು. ಮೂರನೇ ವಾರವೂ ಕೊನೆಗೆ ಬಿದ್ದವರಿಗೆ ‘ವಿಶ್ರಾಂತಿ’ ಅಂತ ಈ ಹೋಟೆಲಿನ ಕಾನೂನು. ವಿಶ್ರಾಂತಿಗೆ ಹೋದ ಯಾರೂ ತಿರುಗಿ ಬಂದದ್ದಿಲ್ಲ. ಇವತ್ತು ಶುಕ್ರವಾರ. ನಲವತ್ತಾರರ ಹೆಂಗಸಿಗೆ ಈ ಸಾಲಿನಲ್ಲಿ ಇನ್ನೊಂದು ಹೋಟೆಲಿನವರು ಅಪ್ರನ್ ಕೊಡುವುದಿಲ್ಲ. ಹತ್ತೊಂಬತ್ತರ ತೊಡೆಗಳು ಬೇಕು ಅವರಿಗೆ.

ಅದೇ ದಿನ ಹಡಗು ಬಂದಿತ್ತು. ಹಡಗೆಂದರೆ ಮೂರು ಸಾವಿರ ಹೊಟ್ಟೆ. ಬಿಸಿಲಿಗೆ ಕೂತು ಬೇಯಿಸಿದ ಸೀಗಡಿಯ ಬಣ್ಣಕ್ಕೆ ತಿರುಗಿದ ಜನ, ಎಣ್ಣೆ ಬಳಿದ ಮೈ, ಕುರ್ಚಿಗೆ ಅಂಟಿ ಪಚಕ್ಕೆಂದು ಏಳುವ ತೊಡೆ. ಕಾರ್ಡನ್ನು ಎರಡು ಬೆರಳಿನ ನಡುವೆ ಹಿಡಿದು ಗಾಳಿಯಲ್ಲಿ ಆಡಿಸುತ್ತಾರೆ, ನೊಣ ಓಡಿಸುವ ಹಾಗೆ. ಕಾರ್ಡು ತಗೊಳ್ಳುವ ಕೈಗೆ ಒಂದು ಮುಖ ಇದೆ ಅಂತ ಅವರಿಗೆ ಈ ತನಕ ಯಾರೂ ಹೇಳಿಕೊಟ್ಟಿಲ್ಲ.

"ಒತ್ತಿಬಿಡು ತಾಯಿ," ಅಂದ ಫಿದೆನ್ಸಿಯೊ, ನಿಂಬೆ ಸೀಳುತ್ತ. ಇಪ್ಪತ್ತೆರಡು ವರ್ಷದಿಂದ ಇಲ್ಲೇ ತಟ್ಟೆ ಹೊತ್ತು ಒಂದು ಭುಜ ಕೆಳಕ್ಕೆ ಜಾರಿದ ಮನುಷ್ಯ. ಹಾಳೆಯಲ್ಲಿ ಅವನದು ಯಾವಾಗಲೂ ತೊಂಬತ್ತರ ಮೇಲೆ. "ನಾಯಿಗೆ ಕ್ಷೌರ ಮಾಡಿಸೋಕೆ ನೂರು ಡಾಲರ್ ಚೆಲ್ಲೋ ಜನ ಇವರು. ನೀನು ಒಂದು ಗುಂಡಿ ಒತ್ತಿದ್ರೆ ಉಪವಾಸ ಬೀಳ್ತಾರಾ?"

"ಅವರಿಗೋಸ್ಕರ ಯಾರು ಅಳ್ತಾರೆ ಮಾರಾಯ? ಹಾಳಾಗಿ ಹೋಗ್ಲಿ. ನನ್ನ ಕೈಲಿ ಯಾಕೆ ಕದಿಸ್ತಾನೆ ಅಂತ. ಕಳ್ಳ ಅವನು, ಬೆರಳು ನಂದು."

"ಬೆರಳಿಗೇನು, ತೊಳೆದ್ರೆ ಹೋಗುತ್ತೆ. ಕೆಲಸ ಹೋದ್ರೆ ಬರಲ್ಲ."

ಗಲ್ಲಾದ ಮೇಲೆ ಧಣಿ ಡಾನ್ ಎವರಾರ್ದೊ ಕೂತಿದ್ದ. ಮುಂದೆ ಒಂದು ತಟ್ಟೆ ಸೀಗಡಿ. ತಲೆ ಮುರಿದು, ಒಳಗಿನ ರಸವನ್ನು ಸೊರ್ರೆಂದು ಹೀರಿ, ಸಿಪ್ಪೆಯನ್ನು ಬಿಲ್ಲುಗಳ ಪಕ್ಕದಲ್ಲೇ ಗುಡ್ಡೆ ಹಾಕುತ್ತಿದ್ದ. ಗಲ್ಲದ ಮೇಲೆ ಕಿತ್ತಳೆ ಬಣ್ಣದ ರಸ ಇಳಿದು ಎದೆಯ ಚಿನ್ನದ ಮಾತೆ ಮರಿಯಳ ಪದಕದ ಮೇಲೆ ತೊಟ್ಟಿಕ್ಕುತ್ತಿತ್ತು. ಮಾತು ಮಾತ್ರ ಜೇನು. "ಇದು ಮೋಸ ಅಲ್ಲಮ್ಮ, ಮರ್ಯಾದೆ," ಅಂತ ಪಾಠ ಹೇಳಿದ್ದ ಅವಳಿಗೆ. "ರಜಕ್ಕೆ ಬಂದವರ ತಲೆಗೆ ಲೆಕ್ಕದ ಹೊರೆ ಹಾಕಬಾರದು. ಅವರ ಪರವಾಗಿ ನಾವೇ ಆರಿಸಿಕೊಡೋದು. ಸೇವೆ ಅಂದ್ರೆ ಇದೇ."

ಎರಡು ಗಂಟೆಯ ಹೊತ್ತಿಗೆ ಬಾಡಿಗೆ ವ್ಯಾನಿನಲ್ಲಿ ಹನ್ನೊಂದು ಜನ ಬಂದಿಳಿದರು. ಹಡಗಿನವರಲ್ಲ, ಹತ್ತಿರದ ಎಸ್ಕುಯಿನಾಪಾ ಊರಿನ ಕಡೆಯವರು. ಭಾನುವಾರದ ಬಟ್ಟೆ, ಹೊಸ ಚಪ್ಪಲಿ, ನಡುವೆ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕಿ. ಮುಂದೆ ನಿಂತವಳು ಕಸಿಮೀರಾ. ಹದಿನೇಳು ವರ್ಷದ ಮೇಲೆ ತವರಿಗೆ ಬಂದಿದ್ದಾಳೆ ಅಂತ ದೊಮಿತಿಲಾಳಿಗೆ ಕೇಳದೆಯೇ ಗೊತ್ತಾಯಿತು, ಯಾಕೆಂದರೆ ಆ ಮನೆಯವರು ವ್ಯಾನಿಳಿದಾಗಿನಿಂದ ಅದನ್ನೇ ಹೇಳುತ್ತಿದ್ದರು. ದೊಡ್ಡ ಮೇಜು ಖಾಲಿ ಇದ್ದದ್ದು ಕಕ್ಕಸಿನ ಪಕ್ಕದಲ್ಲೇ.

"ಅಮೆರಿಕದ ಕಾಗದಪತ್ರ ಸಿಗೋ ತನಕ ಬರೋಕಾಗ್ಲಿಲ್ಲ ಕಣಮ್ಮ," ಅಂದಳು ಕಸಿಮೀರಾ, ಎಲ್ಲರಿಗೂ ಕುರ್ಚಿ ಎಳೆದುಕೊಡುತ್ತ. "ಫ್ರೆಸ್ನೊ ಹತ್ರ ಪೀಚ್ ಹಣ್ಣಿನ ಶೆಡ್ಡಲ್ಲಿ ಪ್ಯಾಕಿಂಗು ನಂದು. ಅಪ್ಪ ಸತ್ತಾಗ್ಲೂ ಬರೋಕಾಗ್ಲಿಲ್ಲ. ಇವತ್ತು ಎಲ್ಲಾ ನನ್ನ ಲೆಕ್ಕ. ಮೀನು ಸುಟ್ಟಿದ್ದು ದೊಡ್ಡದಾಗಿ ಎರಡು ತಗೊಂಬಾ. ಸೀಗಡಿಯ ಅಗ್ವಾಚಿಲೆ ಖಾರವಾಗಿರ್ಲಿ, ಅಲ್ಲಿ ಸಪ್ಪೆ ತಿಂದೂ ತಿಂದೂ ನಾಲಿಗೆ ಸತ್ತೋಗಿದೆ."

"ಬಿಡು, ಅವಳಿಗೇನು," ಅಂದ ತಮ್ಮ ಲಿಬೋರಿಯೊ, ಹಲ್ಲುಕಡ್ಡಿ ಕಚ್ಚಿಕೊಂಡು. "ಡಾಲರ್ ರಾಣಿ. ನಾವು ಬಿಯರ್ ಎಣಿಸ್ತೀವಿ, ಅವಳು ಬರೀ ಕಾರ್ಡ್ ತೋರಿಸ್ತಾಳೆ."

"ಮೆಲ್ಲಗೆ ಕುಡಿಯೋ ಕೋತಿ, ನಿನ್ನ ಹೊಟ್ಟೆಗೆ ಕಾರ್ಡ್ ಸಾಲಲ್ಲ," ಅಂದಳು ಅವಳು. ಮೇಜೆಲ್ಲ ನಕ್ಕಿತು.

ದೊಮಿತಿಲಾ ಅವಳ ಕೈ ನೋಡಿದಳು. ಉಗುರು ಬಣ್ಣ ಹೊಸದು. ಕೆಳಗಿನ ಬೆರಳು ಹಣ್ಣಿನ ಪೆಟ್ಟಿಗೆಯ ಅಂಚಿಗೆ ಸೀಳಿ ಕೂಡಿ, ಮತ್ತೆ ಸೀಳಿ ಕೂಡಿದ್ದು. ಅಂಥ ಬೆರಳು ಈ ಹೋಟೆಲಿನಲ್ಲಿ ಒಳಗೆ ಪಾತ್ರೆ ತೊಳೆಯುವ ಕಡೆ ಇರುತ್ತದೆ, ಮೇಜಿನ ಮೇಲಲ್ಲ.

ತಿಂದರು. ಮುದುಕಿಗೆ ಮಗಳೇ ಮುಳ್ಳು ಬಿಡಿಸಿ ತಿನ್ನಿಸಿದಳು. ಬಿಲ್ಲು ಆರು ಸಾವಿರದ ಚಿಲ್ಲರೆ ಪೆಸೊ ಆಯಿತು. ಕಸಿಮೀರಾ ಪರ್ಸಿನ ಒಳಗಿನ ಜಿಪ್ಪು ತೆಗೆದು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಕಾರ್ಡು ಅಮೆರಿಕದ್ದು. ಮಷಿನ್ನಿಗೆ ಪೀಚ್ ಶೆಡ್ಡು ಗೊತ್ತಿಲ್ಲ, ಹದಿನೇಳು ವರ್ಷ ಗೊತ್ತಿಲ್ಲ. ಕೇಳಿಯೇ ಬಿಟ್ಟಿತು: ಡಾಲರೋ, ಪೆಸೊವೋ?

"ಏನೇನೋ ಬರ್ತಿದೆ ಅದ್ರಲ್ಲಿ," ಅಂದಳು ಕಸಿಮೀರಾ. "ಕನ್ನಡಕ ವ್ಯಾನಲ್ಲಿ ಬಿಟ್ಟೆ. ನೀನೇ ಒತ್ತಮ್ಮ, ನೀನೇನು ಹೊರಗಿನವಳಾ?"

ಗಲ್ಲಾದಲ್ಲಿ ಹೀರುವ ಸದ್ದು ನಿಂತಿತು. ದೊಮಿತಿಲಾ ತಿರುಗಿ ನೋಡದಿದ್ದರೂ ಆ ಕಣ್ಣು ತನ್ನ ಬೆನ್ನ ಮೇಲೆ ಹರಿದಾಡಿದ್ದು ಗೊತ್ತಾಯಿತು. ಹನ್ನೊಂದು ಜನರ ಬಿಲ್ಲು. ಇದೊಂದು ಒತ್ತಿದರೆ ವಾರದ ಅಂಕಿ ಮೇಲೇರುತ್ತದೆ, ನಾಳೆಯ ಹಾಳೆಯಲ್ಲಿ ಕೊನೆಯ ಹೆಸರು ಬೇರೆ ಯಾರದೋ ಆಗುತ್ತದೆ.

ಒತ್ತಿದಳು. ಡಾಲರು.

ಚೀಟಿ ಹೊರಬಂತು. ಕಸಿಮೀರಾ ನಾಲಿಗೆಯ ತುದಿ ಕಚ್ಚಿಕೊಂಡು, ಸ್ಲೇಟಿನ ಮೇಲೆ ಬರೆಯುವ ಮಗುವಿನಂತೆ ಒಂದೊಂದೇ ಅಕ್ಷರ ಜೋಡಿಸಿ ಸಹಿ ಹಾಕಿದಳು. ಸಹಿಯ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚಾಗಿತ್ತು: ‘ನನಗೆ ಎರಡೂ ಹಣದ ಆಯ್ಕೆ ತೋರಿಸಲಾಗಿದೆ. ನಾನೇ ಆರಿಸಿದ್ದೇನೆ. ಈ ತೀರ್ಮಾನ ಕೊನೆಯದು.’

ಈ ಸಾಲನ್ನು ದೊಮಿತಿಲಾ ಮೊದಲೆಲ್ಲ ದಿನಕ್ಕೆ ನಲವತ್ತು ಸಲ ಹರಿದು ಕೊಟ್ಟವಳು. ಆದರೆ ಆ ದಿನ ಅದನ್ನು ನಿಂತು ಓದಿದಳು. ಕದಿಯುವುದು ಒಂದು. ಕದ್ದ ಮೇಲೆ, ನಾನೇ ಕೊಟ್ಟೆ ಅಂತ ಅವಳ ಕೈಯಿಂದಲೇ ಬರೆಸಿಕೊಳ್ಳುವುದು ಇನ್ನೊಂದು. ಯಾವ ಹೊಲಸು ತಲೆ ಇದನ್ನು ಹುಟ್ಟಿಸಿತೋ! ಎಲ್ಲೋ ಒಂದು ತಣ್ಣನೆಯ ಕೋಣೆಯಲ್ಲಿ, ಟೈ ಕಟ್ಟಿಕೊಂಡು, ನೀರಿನ ಬಾಟಲಿ ಮುಂದಿಟ್ಟುಕೊಂಡು, ಇದನ್ನು ಕುಳಿತು ಬರೆದಿರುತ್ತಾರೆ. ಧಣಿಯಾದರೂ ಹೀರುವುದನ್ನು ಕಾಣುವಂತೆ ಹೀರುತ್ತಾನೆ.

ಚೀಟಿ ಹಿಡಿದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ಕೈಯುಜ್ಜಿದಳು. ಮೋರಿಯಲ್ಲಿ ಮೀನಿನ ಕರುಳು ತೇಲುತ್ತಿತ್ತು. ಅಪ್ರನ್ನಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು.

"ಬಸುರಿಯೇನೇ ಈ ವಯಸ್ಸಲ್ಲಿ?" ಅಂದ ಫಿದೆನ್ಸಿಯೊ.

"ಅವಳು ನಮ್ಮಂಥೋಳು ಕಣೋ."

"ಕಾರ್ಡ್ ನಮ್ಮಂಥದ್ದಲ್ಲವಲ್ಲ." ಆಮೇಲೆ ಅವಳ ಮುಖ ನೋಡಿ ನಿಂಬೆ ಕೆಳಗಿಟ್ಟ. "ಬೇಡ ದೊಮಿ. ನಾಳೆ ಒಂದು ಹಾಳೆ ದಾಟ್ಕೊಂಡುಬಿಡು."

ಅವಳು ದಾಟಿಕೊಳ್ಳಲಿಲ್ಲ. ಮಷಿನ್ನು ತಗೊಂಡು ವಾಪಸ್ ಹೋದಳು. ಹೊಡೆದ ಬಿಲ್ಲು ರದ್ದು ಮಾಡಲು ಧಣಿಯ ಗುಟ್ಟಿನ ಅಂಕಿ ಬೇಕು. ಆ ಗುಟ್ಟು ಅವನು ಹುಟ್ಟಿದ ಇಸವಿ ಅಂತ ಪಾತ್ರೆ ತೊಳೆಯುವವರಿಗೂ ಗೊತ್ತಿತ್ತು. ಒತ್ತಿ ರದ್ದು ಮಾಡಿದಳು. "ಅಕ್ಕ, ಕಾರ್ಡ್ ಇನ್ನೊಂದ್ಸಲ ಕೊಡಿ. ತಪ್ಪು ಹೊಡೆದಿದ್ದೆ."

ಕಸಿಮೀರಾಳ ಫೋನು ಟಿಣ್ ಅಂತು. ಅವಳು ಅದನ್ನು ತೋಳುದ್ದ ದೂರ ಹಿಡಿದು ನೋಡಿದಳು. ಮುಖದ ಬಣ್ಣ ಇಳಿಯಿತು.

"ಎರಡನೇ ಸಲ ಮೆಸೇಜು. ಎರಡು ಸಲ ಹೊಡೆದ್ಯಾ?"

"ಇಲ್ಲಕ್ಕ, ಇದು ರದ್ದಾಗಿದ್ದು..."

"ಏನಾಯ್ತೇ?" ಗಾಲಿಕುರ್ಚಿಯಿಂದ ಮುದುಕಿ ಕೂಗಿದಳು. ಕಿವಿ ಮಂದ; ಇಡೀ ಹೋಟೆಲಿಗೆ ಕೇಳುವ ಹಾಗೆ ಕೇಳಿದಳು. "ದುಡ್ಡು ಸಾಲ್ಲಿಲ್ವೇನೇ ಮಗಳೇ?"

ಲಿಬೋರಿಯೊ ಹಲ್ಲುಕಡ್ಡಿ ತೆಗೆದ. "ಸಾಲದಿದ್ರೆ ಹೇಳಕ್ಕ. ನಾಚ್ಕೋಬೇಡ. ನಾವೆಲ್ಲ ತಲಾ ಇಷ್ಟಿಷ್ಟು ಹಾಕೋಣ." ಹದಿನೇಳು ವರ್ಷ ಅವಳು ಕಳಿಸಿದ ಹಣದಲ್ಲಿ ತಿಂದವನ ಕಣ್ಣಿನಲ್ಲಿ ಒಂದು ಸಣ್ಣ ಹಬ್ಬ.

ಡಾನ್ ಎವರಾರ್ದೊ ಕೈ ಒರೆಸಿಕೊಳ್ಳುತ್ತ ಬಂದೇಬಿಟ್ಟ. "ಕ್ಷಮಿಸಿ ತಾಯಿ, ಕ್ಷಮಿಸಿ. ನಮ್ಮ ಹುಡುಗಿಗೆ ಸ್ವಲ್ಪ ತಲೆ ಸರಿಯಿಲ್ಲ. ಎಲ್ಲರಿಗೂ ನನ್ನ ಕಡೆಯಿಂದ ತೆಂಗಿನಕಾಯಿ ಐಸ್‌ಕ್ರೀಮ್."

"ತಲೆ ಸರಿ ಇದೆ," ಅಂದಳು ದೊಮಿತಿಲಾ. ಸಹಿಯ ಚೀಟಿಯನ್ನು ಕಸಿಮೀರಾಳ ಮುಂದಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟಳು. "ಅಕ್ಕ, ಎರಡು ಥರ ಕಟ್ಬಹುದು. ಪೆಸೊದಲ್ಲಿ ಕಟ್ಟಿದ್ರೆ ಬಿಲ್ ಎಷ್ಟೋ ಅಷ್ಟೇ. ಡಾಲರಲ್ಲಿ ಕಟ್ಟಿದ್ರೆ ಮೂವತ್ತು ಡಾಲರ್ ಜಾಸ್ತಿ ಕೀಳ್ತಾರೆ. ನಿಮ್ಮನ್ನ ಕೇಳದೆ ನಾನು ಡಾಲರ್ ಒತ್ತಿದ್ದೆ. ಇಲ್ಲಿ ಎಲ್ಲರಿಗೂ ಹಂಗೇ ಒತ್ತಿಸ್ತಾರೆ. ಮೂವತ್ತು ಡಾಲರ್‌ಗೆ ಎಷ್ಟು ಪೆಟ್ಟಿಗೆ ಪೀಚ್ ಕಟ್ಟಬೇಕು ನೀವು? ಈಗ ನೀವೇ ಆರಿಸಿ."

ಕಾರ್ಡು ತಗೊಂಡು ಮತ್ತೆ ತೂರಿಸಿ ಮಷಿನ್ನು ಅವಳ ಮುಂದೆ ಹಿಡಿದಳು. ಎರಡು ಗುಂಡಿ. ಎರಡೂ ಬೆರಳಿಗಾಗಿ ಕಾಯುತ್ತಿದ್ದವು.

ಕಸಿಮೀರಾ ಲೆಕ್ಕ ಹಾಕಿದ್ದು ದೊಮಿತಿಲಾಳಿಗೆ ಕಂಡಿತು. ತುಟಿ ಅಲ್ಲಾಡಿತು, ಸೀಳಿದ ಬೆರಳು ಪೆಸೊದ ಕಡೆ ಹೋಯಿತು ಕೂಡ.

"ಮೂವತ್ತು ಡಾಲರ್‌ಗಾ ಇಷ್ಟು ಗಲಾಟೆ?" ಅಂದ ಲಿಬೋರಿಯೊ. "ನಾನೇ ಕೊಡ್ತೀನಿ ಬಿಡಕ್ಕ, ಪಾಪ."

ಹತ್ತು ಜೋಡಿ ಕಣ್ಣು ಅವಳ ಮೇಲೆ. ಮುದುಕಿ ಸೆರಗಿನ ಹಾಗೆ ಹೊದ್ದ ಶಾಲಿನ ಅಂಚಿನಲ್ಲಿ ಕಟ್ಟಿದ ನೋಟು ಬಿಚ್ಚಲು ತಡಕಾಡುತ್ತಿದ್ದಳು. ಕಸಿಮೀರಾ ಎದೆ ಎತ್ತಿದಳು. ಬೆರಳು ಪಕ್ಕಕ್ಕೆ ಸರಿದು ಡಾಲರನ್ನು ಒತ್ತಿತು.

"ನಾನು ಅಲ್ಲಿಂದ ಬಂದವಳು," ಅಂದಳು, ದೊಮಿತಿಲಾಳ ಮುಖ ನೋಡದೆ. "ಡಾಲರಲ್ಲೇ ಕಟ್ತೀನಿ. ಅಮ್ಮನ ಮುಂದೆ ನನ್ನ ಬಡವಿ ಮಾಡಬೇಡ."

ಮಷಿನ್ನು ಚೀಟಿ ಕಕ್ಕಿತು. ನಾನೇ ಆರಿಸಿದ್ದೇನೆ. ಈಗ ಆ ಸಾಲು ನಿಜ. ಸುಳ್ಳಾಗಿದ್ದಾಗಿನದಕ್ಕಿಂತ ಹೆಚ್ಚು ನಾರುತ್ತಿತ್ತು. ಹೀಗೆ ಪಳಗಿಸಿದ ಮೇಲೆ ಹೆಬ್ಬೆರಳಿನ ಅಗತ್ಯವೂ ಇಲ್ಲ. ನಾಚಿಕೆಯೇ ಬಂದು ಒತ್ತಿಕೊಡುತ್ತದೆ.

ವ್ಯಾನು ಹೋಯಿತು. ಧಣಿ ಅವಳ ಭುಜದ ಮೇಲೆ ಕೈಯಿಟ್ಟ. ಸೀಗಡಿಯ ವಾಸನೆ ಬಟ್ಟೆಗೆ ಹತ್ತಿತು. "ನೋಡಿದ್ಯಾ? ಕೇಳಿದ್ರೂ ಅದನ್ನೇ ಆರಿಸ್ತಾರೆ. ಸುಮ್ನೆ ಯಾಕೆ ಕೇಳೋ ಕಷ್ಟ? ಹೋಗ್ಲಿ, ನಿನ್ನ ಅಂಕಿ ಈ ವಾರ ಚೆನ್ನಾಗಿ ಬಂತು. ಸೋಮವಾರದಿಂದ ಕಡಲ ಕಡೆ ಮೇಜು ನಿಂಗೆ. ನಾನೇನು ಕಟುಕ ಅಲ್ಲಮ್ಮ."

ಕೆಲಸ ಉಳಿದಿತ್ತು. ಮನಸ್ಸಿನಲ್ಲೇ ಸಂಕಟಪಟ್ಟು ಬೇಡಿಕೊಂಡದ್ದು ತಾನಾಗಿ ಕೈಗೆ ಬಂದಿತ್ತು, ಹಿಂದಿನ ರಾತ್ರಿಯ ಎಂಜಲಿನಂತೆ. ನುಂಗಿದರಾಯಿತು.

ಪಕ್ಕದ ಮೇಜಿನ ಹಡಗಿನ ಮನುಷ್ಯ ಕಾರ್ಡನ್ನು ಗಾಳಿಯಲ್ಲಿ ಆಡಿಸಿದ. ದೊಮಿತಿಲಾ ಹೋಗಿ ಕಾರ್ಡು ತೂರಿಸಿ, ಏನೂ ಒತ್ತದೆ ಮಷಿನ್ನನ್ನು ಅವನ ಮೂಗಿನ ಮುಂದೆ ಹಿಡಿದಳು.

"ನೀನೇ ಒತ್ತಿ ಕೊಡಮ್ಮ," ಅಂದ ಅವನು, ಫೋನಿನಿಂದ ಕಣ್ಣೆತ್ತದೆ. "ಹಡಗಿಗೆ ಹೊತ್ತಾಯ್ತು."

"ಒತ್ತಲ್ಲ. ಓದಿ."

ಆ ದನಿಗೆ ಅವನು ತಲೆಯೆತ್ತಿದ. ಕಪ್ಪು ಕನ್ನಡಕ ತೆಗೆದ. ಮೊದಲು ಮಷಿನ್ನು ನೋಡಿದ, ಆಮೇಲೆ ಅವಳನ್ನು. "ಯಾವುದು ಒತ್ತಿದ್ರೆ ಕಮ್ಮಿ ಬೀಳುತ್ತೆ?"

"ಪೆಸೊ." ಅವಳಿಗೆ ಗೊತ್ತಿದ್ದ ಹೋಟೆಲ್ ಇಂಗ್ಲಿಷಿನಲ್ಲಿ, ನಾಲ್ಕು ಮೇಜಿಗೆ ಕೇಳುವ ಹಾಗೆ ಹೇಳಿದಳು. "ಇನ್ನೊಂದು ಒತ್ತಿದ್ರೆ ನೂರಕ್ಕೆ ಒಂಬತ್ತು ಹೆಚ್ಚು. ಈ ತನಕ ನಿಮ್ಮೆಲ್ಲರಿಗೂ ಅದನ್ನೇ ಒತ್ತಿದೀವಿ. ನಾನೂ ಒತ್ತಿದೀನಿ."

ಹಿಂದಿನ ಮೇಜಿನ ಹೆಂಗಸೊಬ್ಬಳು ಪರ್ಸಿನಿಂದ ಮಡಚಿದ ಚೀಟಿ ತೆಗೆದು ಬಿಡಿಸಿದಳು. ಕುರ್ಚಿಗಳು ಕಿರುಗುಟ್ಟಿದವು.

"ಅಪ್ರನ್ ಬಿಚ್ಚೇ, ಬೇವರ್ಸಿ," ಅಂದ ಡಾನ್ ಎವರಾರ್ದೊ. ಜೇನು ಮುಗಿದಿತ್ತು.

"ಬಿಚ್ತೀನಿ, ನಿಲ್ಲು ಧಣಿ," ಅಂದಳು ದೊಮಿತಿಲಾ, ಮಷಿನ್ನು ಕೆಳಗಿಡದೆ. "ಇವರು ಇನ್ನೂ ಆರಿಸ್ತಿದಾರೆ."