ಓಗೊಟ್ಟ ಹಡಗು

“ಗಾಳಿ ಬೇಕಂತೆ ಗಾಳಿ! ನಿನ್ ಗಂಡ ಏನು ಗಾಳಿಪಟಾನಾ? ಏಳೇ ಮೇಲೆ, ಮುಂಡೆ!”

ಬಾಯಿಗೆ ಬಂದ ಬೈಗುಳ ಸಂಜೆಯೊಳಗೆ ನಿಜವಾಗುತ್ತದೆ ಎಂದು ಬೈದವನಿಗೂ ಗೊತ್ತಿರಲಿಲ್ಲ. ಅವನು ಸೂಪರ್‌ವೈಜರು. ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದುದರಿಂದ ಅವನಿಗೆ ಪೀಪಿ ಎಂದು ಹೆಸರು ಬಿದ್ದಿತ್ತು. ಅವನ ಮಾತಿನಲ್ಲಿ ಅರ್ಧ ಸದ್ದು, ಅರ್ಧ ಉಗುಳು.

ಬೈಸಿಕೊಂಡವಳು ಅರೆಕಟ್ಟಿದ ಹಡಗಿನ ಹೊಟ್ಟೆಯ ಮೇಲೆ, ಒಂದು ತೂತಿನ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಕೆಲಸದವರು ಆ ತೂತನ್ನು ಬಿಲ ಎನ್ನುತ್ತಿದ್ದರು. ಬಿಲದೊಳಗೆ ಅವಳ ಗಂಡ, ಅವಳ ಮೈದುನ, ಇಬ್ಬರೂ ವೆಲ್ಡರುಗಳು, ಅಂಗಾತ ಮಲಗಿ ಪೈಪುಗಳಿಗೆ ಬೆಸುಗೆ ಹಾಕುತ್ತಿದ್ದರು. ಬೆಸುಗೆಗೆ ಬಿಡುವ ಗ್ಯಾಸಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಕಳ್ಳನ ಹಾಗೆ ಬಂದು, ಉಸಿರಾಡುವ ಗಾಳಿಯನ್ನು ಆಚೆ ತಳ್ಳಿ ತಳದಲ್ಲಿ ಮಲಗುತ್ತದೆ. ಅದನ್ನು ಓಡಿಸಲು ಹೊರಗಿನ ದೊಡ್ಡ ಫ್ಯಾನಿನಿಂದ ಒಳಕ್ಕೆ ಒಂದು ಹಳದಿ ಕೊಳವೆ ಇಳಿದಿತ್ತು. ಅದರ ಹೆಸರು ಸೊಂಡಿಲು. ಪೀಪಿಯ ಆಳುಗಳು ಈಗ ಎಳೆಯುತ್ತಿದ್ದುದು ಆ ಸೊಂಡಿಲನ್ನೇ.

“ಅಣ್ಣಾ, ಒಳಗೆ ಜನ ಇದಾರೆ. ಅವರು ಈಚೆ ಬರ್ಲಿ, ಆಮೇಲೆ ತಗೊಂಡ್ಹೋಗಿ.”

“ಅಲ್ಲಿ ಡೇರೆಯೊಳಗೆ ಪರದೇಶದ ಅತಿಥಿಗಳು ಬೆಂದು ಹೋಗ್ತಿದಾರೆ. ಮಂತ್ರಿಗಳು ಬರೋ ಹೊತ್ತು. ಸಾಹೇಬ್ರ ಆರ್ಡರು. ಭಾಷಣ ಮುಗಿದ ಮೇಲೆ ವಾಪಸ್ ಬರ್ತದೆ.”

“ಹಂಗಾದ್ರೆ ಇವರನ್ನ ಈಚೆ ಕರೀಲಾ?”

“ಕರಿ, ಕರಿ! ಕರದ್ರೆ ನಾಳೆಯಿಂದ ಮೂರೂ ಜನ ಗೇಟಿನ ಆಚೆ. ಇವತ್ತು ಆ ಪೈಪು ಮುಗೀಲೇಬೇಕು. ಅಲ್ಲಿವರೆಗೂ ಸಣ್ಣದಾಗಿ ಉಸಿರಾಡೋಕ್ಕೆ ಹೇಳು.”

ಸೊಂಡಿಲು ಡೇರೆಯ ಕಡೆ ತೆವಳಿಕೊಂಡು ಹೋಯಿತು.

ಆ ಹಡಗಿನ ನಕ್ಷೆ ಸ್ನೇಹರಾಷ್ಟ್ರದ್ದು. ಸ್ನೇಹಿತರೆಂದ ಮೇಲೆ ಒಬ್ಬರ ಅಂಗಿಯ ಅಳತೆಗೆ ಇನ್ನೊಬ್ಬರು ಹೊಲಿಸಿಕೊಳ್ಳುವುದುಂಟಲ್ಲ, ಹಾಗೆ ಮೂರು ದೇಶಗಳ ನೌಕಾಪಡೆಗಳು ಒಂದೇ ನಕ್ಷೆಯ ಯುದ್ಧನೌಕೆಯನ್ನು ತಂತಮ್ಮ ದಡದಲ್ಲಿ ಹೊಲಿಸಿಕೊಳ್ಳುತ್ತಿದ್ದವು. ಯಾರದು ಮೊದಲು ನೀರಿಗಿಳಿಯುತ್ತದೆ ಎಂಬ ಪಂದ್ಯ ಬೇರೆ. ಗೇಟಿನ ಮೇಲೆ ‘ನಮ್ಮ ಹಡಗು, ನಮ್ಮ ಕೈ’ ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದರು. ಕೈ ಮಾತ್ರ ಗುತ್ತಿಗೆಯದು. ನಕ್ಷೆ ಬರೆದ ದೇಶದಲ್ಲಿ ತಳ ತೆರೆದಿರುವಾಗಲೇ ಪೈಪು ಬೆಸೆದು ಆಮೇಲೆ ಮುಚ್ಚಳ ಹಾಕುತ್ತಿದ್ದರಂತೆ. ಇಲ್ಲಿ ಮುಚ್ಚಳ ಮೊದಲು ಬಿತ್ತು. ಮುಚ್ಚಳ ಬಿದ್ದರೆ ಹಡಗು ಹಡಗಿನಂತೆ ಕಾಣುತ್ತದೆ, ಫೋಟೋಕ್ಕೆ ಚೆಂದ. ಒಳಗೆ ತೂರಿಸಲು ತೆಳ್ಳಗಿನ ಜನ ಹೇಗೂ ಸಿಗುತ್ತಾರೆ. ಊಟ ಕಡಿಮೆಯಾದಷ್ಟೂ ಒಳ್ಳೆಯ ಅಳತೆಗೆ ಬರುತ್ತಾರೆ.

ಅವಳ ಕೆಲಸ ಕೂಗುವುದು. ಸ್ವಲ್ಪ ಹೊತ್ತಿಗೊಮ್ಮೆ ಬಿಲದೊಳಕ್ಕೆ ಬಾಯಿಟ್ಟು ಒಬ್ಬೊಬ್ಬರನ್ನೇ ಕೂಗಬೇಕು, ಅವರು ಓಗೊಡಬೇಕು. ಓ ಎಂದರೆ ಜೀವ ಇದೆ ಎಂದು ಲೆಕ್ಕ.

“ಏ ಗಿಣೀ!”

“ಕೀ ಕೀ! ಪಂಜರದಲ್ಲೇ ಇದೀನಿ ಅತ್ತಿಗೇ!”

ಮೈದುನನಿಗೆ ಗಿಣಿ ಎಂದು ಹೆಸರಿಟ್ಟವರು ಯಾರೋ, ಇಟ್ಟದ್ದು ಸರಿಯಾಗಿತ್ತು. ಕ್ರೇನಿನ ನರಳಾಟ, ಪೀಪಿಯ ಉಗುಳುಮಾತು, ಸಾಹೇಬರು ಫೋನಿನಲ್ಲಿ ಹೆಂಡತಿಗೆ ಹೂಂಗುಟ್ಟುವುದು, ಎಲ್ಲ ಅವನ ಗಂಟಲಲ್ಲಿತ್ತು. ಒಮ್ಮೆ ಊಟದ ಸೈರನ್ನನ್ನೇ ಬಾಯಲ್ಲಿ ಊದಿ ಅರ್ಧ ಹಡಗುಕಟ್ಟೆಯನ್ನು ಹೊತ್ತಿಗೆ ಮುಂಚೆ ತಟ್ಟೆ ಮುಂದೆ ಕೂರಿಸಿದ್ದ.

“ರೀ...” ಅವಳು ಗಂಡನನ್ನು ಕೂಗಿದಳು.

ಮೊದಲು ಒಂದು ಸಣ್ಣ ಕೆಮ್ಮು. ಅವನ ಮಾತೆಲ್ಲ ಕೆಮ್ಮಿನ ಬಾಗಿಲು ತೆರೆದುಕೊಂಡೇ ಬರುತ್ತಿತ್ತು. “ಇದೀನಿ ಕಣೇ, ಎಲ್ಲಿಗ್ ಓಡಿಹೋಗ್ಲಿ?”

“ಗಾಳಿ ಕಿತ್ಕೊಂಡ್ಹೋದ್ರು. ಆಗ್ತದಾ?”

“ಆಗ್ತದೆ ಕಣೇ.”

ಡೇರೆಯ ಕಡೆಯಿಂದ ಚಪ್ಪಾಳೆ ಕೇಳಿಸಿತು. ಭಾಷಣ ಶುರುವಾಯಿತು, ಬೆಳೆಯಿತು, ಮುಗಿಯುವಂತೆ ಕಂಡು ಮತ್ತೆ ಬೆಳೆಯಿತು. ಅವಳು ಮತ್ತೆ ಕೂಗಿದಳು. ಮತ್ತೆ ಕೆಮ್ಮು, ಮತ್ತೆ ಅದೇ ಮಾತು. ಸ್ವಲ್ಪ ಸಮಾಧಾನವಾಯಿತು. ಇನ್ನೊಮ್ಮೆ ಕೂಗಲು ಬಾಗುವಷ್ಟರಲ್ಲಿ ಬಿಲದಿಂದ ಗಿಣಿಯ ತಲೆ ಮೇಲೆದ್ದಿತು. ತುಟಿ ನೀಲಿಗಟ್ಟಿತ್ತು. ಅರ್ಧ ಮೈ ಹೊರಗೆ ಹಾಕಿ ಬಿಲದ ಅಂಚಿಗೇ ವಾಂತಿ ಮಾಡಿಕೊಂಡ.

“ಅತ್ತಿಗೇ... ಅಣ್ಣ ಏಳ್ತಿಲ್ಲ.”

“ಏನೋ ಹಂಗಂದ್ರೆ? ಈಗ ತಾನೇ ಮಾತಾಡಿದ್ರಲ್ಲೋ!”

ಗಿಣಿ ಬಿಲದೊಳಕ್ಕೆ ಕೈ ತೋರಿಸಿದ.

ಹಗ್ಗ ಕಟ್ಟಿ ಎಳೆದರು. ಉಸಿರು ನಿಂತಿತ್ತು. ಮಂತ್ರಿಗಳ ಕಾರು ಹೊರಡುವವರೆಗೂ ಬಣ್ಣದ ಡಬ್ಬಗಳ ಶೆಡ್ಡಿನ ಹಿಂದೆ ಮಲಗಿಸಿ ಮೇಲೆ ತಾಡಪಾಲು ಹೊದಿಸಿದರು. ಅವಳು ಅಳಲು ಬಾಯಿ ತೆರೆದಾಗ ಪೀಪಿ ಮೊದಲ ಸಲ ಸೀಟಿಯನ್ನು ಬಾಯಿಂದ ತೆಗೆದ. “ಸ್ವಲ್ಪ ತಡ್ಕಳಮ್ಮ. ಇನ್ನೂ ಫೋಟೋ ತೆಗೀತಿದಾರೆ.”

ಹೆಣ ಮನೆಗೆ ಬರುವ ಮೊದಲು ಸುದ್ದಿ ಬಂದಿತ್ತು: ಕುಡಿದು ಒಳಗೆ ಬಿದ್ದಿದ್ದನಂತೆ.

ಗಿಣಿ ಆ ದಿನದಿಂದ ಯಾರ ದನಿಯನ್ನೂ ತೆಗೆಯಲಿಲ್ಲ. ತನ್ನದನ್ನೂ ತೆಗೆಯಲಿಲ್ಲ. ಅತ್ತಿಗೆ ತಟ್ಟೆ ಮುಂದಿಟ್ಟರೆ ಗೋಡೆಯ ಕಡೆ ತಿರುಗಿ ಕೂರುತ್ತಿದ್ದ.

ವಿಚಾರಣೆ ಹಡಗುಕಟ್ಟೆಯ ಸಾಹೇಬರ ಕೋಣೆಯಲ್ಲಿ ನಡೆಯಿತು. ಕಿಟಕಿಗಳೆಲ್ಲ ಮುಚ್ಚಿ ಎ.ಸಿ. ಹಾಕಿದ್ದರು. ಮೇಜಿನ ಹಿಂದೆ ಸರ್ಕಾರದ ವಿಚಾರಣಾಧಿಕಾರಿ, ಪಕ್ಕದಲ್ಲಿ ಸಾಹೇಬರು, ಇನ್ನೊಂದು ಪಕ್ಕದಲ್ಲಿ ನಕ್ಷೆಯ ದೇಶದಿಂದ ಬಂದ ತಜ್ಞ, ತಜ್ಞನ ಕಿವಿಯ ಬಳಿ ದುಭಾಷಿ. ಬಾಗಿಲ ಹತ್ತಿರ ಪೀಪಿ. ಎದುರಿನ ಬೆಂಚಿನ ಮೇಲೆ ಅವಳು, ತುದಿಯಲ್ಲಿ ಗಿಣಿ.

“ನೋಡಮ್ಮ, ಒಂದೇ ಪ್ರಶ್ನೆ,” ಎಂದರು ಅಧಿಕಾರಿ. “ ನೀನು ಕೂಗ್ದೆ. ಅವನು ಓ ಅಂದನಾ ಇಲ್ವಾ?”

“ಅಂದ್ರು ಸಾರ್. ಆದ್ರೆ ಸೊಂಡಿಲು...”

“ಕೇಳಿದ್ದಕ್ಕೆ ಮಾತ್ರ ಹೇಳು. ಎಷ್ಟು ಸಲ ಕೂಗಿದ್ರೂ ಅಂದನಾ?”

“ಅಂದ್ರು.”

“ಮುಗೀತಲ್ಲ,” ಎಂದರು ಸಾಹೇಬರು. “ಗಾಳಿ ಇಲ್ದೆ ಇದ್ರೆ ಮಾತಾಡ್ತಿದ್ನಾ? ಕುಡಿದಿದ್ದ, ಎದೆ ನಿಂತುಹೋಯ್ತು.”

“ಅವರು ಕುಡೀತಿರ್ಲಿಲ್ಲ.”

“ಎಲ್ಲರ ಹೆಂಡ್ತೀರೂ ಹಂಗೇ ಹೇಳೋದು.”

ತಜ್ಞ ನಕ್ಷೆಯ ಮೇಲೆ ಬೆರಳಿಟ್ಟು ಏನೋ ಕೇಳಿದ. ದುಭಾಷಿ ಗಂಟಲು ಸರಿಮಾಡಿಕೊಂಡ. “ಈ ತೂತು ಕ್ಯಾಮೆರಾ ಇಳಿಸಿ ನೋಡೋಕ್ಕೆ ಇಟ್ಟಿರೋದು, ಮನುಷ್ಯ ಯಾಕೆ ಒಳಗೆ ಹೋದ ಅಂತಿದಾರೆ.”

“ಸ್ಥಳೀಯ ಪರಿಸ್ಥಿತಿಗೆ ತಕ್ಕ ಹಾಗೆ ಅಳವಡಿಸ್ಕೊಂಡಿದೀವಿ ಅಂತ ಹೇಳ್ರಿ,” ಎಂದರು ಸಾಹೇಬರು.

ದುಭಾಷಿ ಹೇಳಿದ. ತಜ್ಞ ಬರೆದುಕೊಂಡ. ಸ್ಥಳೀಯ ಪರಿಸ್ಥಿತಿ ಬೆಂಚಿನ ತುದಿಯಲ್ಲಿ ಕೈ ಮುದುಡಿಕೊಂಡು ಕೂತಿತ್ತು.

ಆಗ ಗಿಣಿ ಎದ್ದು ನಿಂತ. “ಓಗೊಟ್ಟಿದ್ದು ನಾನು ಸಾರ್.”

“ಏನಂದೆ?”

“ಅಣ್ಣ ಹಗಲೂ ರಾತ್ರಿ ಎರಡೂ ಪಾಳಿ ಮಾಡ್ತಿದ್ದ. ಮಧ್ಯೆ ಒಂದು ಗಳಿಗೆ ಕಣ್ಣು ಮುಚ್ಚೋನು. ಗೊತ್ತಾದ್ರೆ ಅತ್ತಿಗೆ ಬೈತಾಳೆ, ಪೀಪಿಗೆ ಕೇಳಿಸ್ತದೆ ಅಂತ ನಾನೇ ಅವನ ದನೀಲಿ ಓ ಅಂತಿದ್ದೆ. ತಮಾಷೆಗೆ. ಅತ್ತಿಗೆ ಮೋಸ ಹೋದ್ಳು ಅಂತ ಇಬ್ರೂ ಒಳಗೆ ನಗ್ತಿದ್ವಿ. ಅವತ್ತೂ ಮಲಗಿದಾನೆ ಅನ್ಕೊಂಡೆ ಸಾರ್. ಮಲಗಿದಾನೆ ಅನ್ಕೊಂಡು... ಎರಡು ಸಲಾನೂ ನಾನೇ ಸಾರ್.”

ಅವಳು ಮೈದುನನ ಮುಖವನ್ನೇ ನೋಡಿದಳು. ಗಂಡ ಮನೆಯಲ್ಲಿ ಮಾತಾಡಿದವನೇ ಅಲ್ಲ. ಮಾತಾಡಿದ್ದೆಲ್ಲ ಆ ಬಿಲದಿಂದ.

“ಒಂದಿನ... ‘ನಿನ್ ಕೂಗು ಕೇಳಿದ್ರೆ ದಣಿವು ಹೋಗ್ತದೆ ಕಣೇ’ ಅಂದಿದ್ರು,” ಎಂದಳು. “ಅದೂ ನೀನೇನಾ?”

ಯಾರ ದನಿಯನ್ನು ಬೇಕಾದರೂ ತೆಗೆಯಬಲ್ಲವನಿಗೆ ಆ ಒಂದು ಉತ್ತರಕ್ಕೆ ದನಿ ಸಿಗಲಿಲ್ಲ.

“ಕತೆ ಕಟ್ತಿದಾನೆ,” ಎಂದರು ಸಾಹೇಬರು.

“ಪರೀಕ್ಷೆ ಮಾಡೋಣ,” ಎಂದರು ಅಧಿಕಾರಿ. “ನೀನು ಆ ಕಡೆ ಗೋಡೆಗೆ ಮುಖ ಮಾಡಮ್ಮ. ಹೆಂಗೆ ಕೂಗ್ತಿದ್ಯೋ ಹಂಗೇ ಕೂಗು.”

ಅವಳು ಗೋಡೆಗೆ ಮುಖ ಮಾಡಿದಳು. ಬಿಲದ ಬಾಯಲ್ಲಿ ಬಾಗುವಂತೆ ಬಾಗಿದಳು, ಮತ್ತೆ ನೆಟ್ಟಗಾದಳು.

“ಕೂಗಮ್ಮ, ಹೊತ್ತಾಯ್ತು.”

“ರೀ...”

ಹಿಂದಿನಿಂದ ಒಂದು ಸಣ್ಣ ಕೆಮ್ಮು ಬಂತು. “ಇದೀನಿ ಕಣೇ, ಎಲ್ಲಿಗ್ ಓಡಿಹೋಗ್ಲಿ?”

ಸತ್ತವನು ಕೋಣೆಯ ನಡುವೆ ನಿಂತಿದ್ದ. ಅವಳ ಕಾಲುಗಳು ತಾವಾಗಿ ತಿರುಗಿದವು. ದುಭಾಷಿ ಅರ್ಥ ಹೇಳುವ ಮೊದಲೇ ತಜ್ಞ ಮೆಚ್ಚಿ ಚಪ್ಪಾಳೆ ತಟ್ಟಿದ. ಪೀಪಿ ಕಿಸಕ್ಕೆಂದ. ಅಧಿಕಾರಿ ನಗು ತಡೆದುಕೊಳ್ಳಲು ನೀರು ಕುಡಿಯಹೋಗಿ ನೆತ್ತಿಗೇರಿಸಿಕೊಂಡರು. ಅದಕ್ಕೆ ಇಡೀ ಕೋಣೆ ನಕ್ಕಿತು.

“ಸರಿಹೋಯ್ತು,” ಎಂದರು ಸಾಹೇಬರು, ಕಣ್ಣೊರೆಸಿಕೊಂಡು. “ಹಂಗಾದ್ರೆ ಅಣ್ಣನ್ನ ಕೊಂದೋನು ಇವನೇ. ಬರ್ಕೊಳ್ಳಿ ಸಾರ್. ನಮಗೂ ಇದಕ್ಕೂ ಸಂಬಂಧ ಇಲ್ಲ.”

ಆಗ ಅವಳಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಲ್ಲಿ.

“ಇಷ್ಟೊತ್ತು ಅವರು ಕುಡುಕ್ರು ಅಂದ್ರಿ. ಈಗ ಇವನು ಕೊಲೆಗಾರ. ಸೊಂಡಿಲು ಕಿತ್ತೋರು ಯಾರು ಸಾಹೇಬ್ರೇ?”

“ಅದು ಈ ವಿಚಾರಣೇಲಿ ಬರಲ್ಲ. ಏ ಪೀಪಿ, ಕರ್ಕೊಂಡ್ಹೋಗು.”

ಪೀಪಿ ಹತ್ತಿರ ಬಂದ. ಅವಳು ಅವನನ್ನು ದಾಟಿ ಬಾಗಿಲ ಬಳಿ ಹೋಗಿ ಚಿಲಕ ಹಾಕಿದಳು. ಪಕ್ಕದಲ್ಲಿದ್ದ ಸ್ವಿಚ್ಚನ್ನು ಒತ್ತಿದಳು. ಎ.ಸಿ. ಒಮ್ಮೆ ನರಳಿ ನಿಂತಿತು. ಬಾಗಿಲಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತಳು.

“ಏನಮ್ಮಾ ಇದು? ತೆಗಿ ಬಾಗ್ಲು!”

“ತೆಗೀತೀನಿ. ನನ್ ಕೆಲ್ಸ ಮಾಡ್ತಿದೀನಿ, ಸ್ವಲ್ಪ ತಡ್ಕಳಿ.” ನಗು ಈಗ ಅವಳ ಕೈಯಲ್ಲಿರಲಿಲ್ಲ, ಮೈಯೆಲ್ಲ ಅಲುಗುತ್ತಿತ್ತು. “ಸಾಹೇಬ್ರೇ, ಇದೀರಾ?”

ಸಾಹೇಬರು ನಿಂತುಹೋದ ಎ.ಸಿ.ಯ ಕಡೆ ನೋಡಿದರು.

“ಪೀಪೀ, ಇದೀಯೇನೋ? ಅಧಿಕಾರಿಗಳೇ? ಓ ಅನ್ನಿ, ಓ ಅನ್ನಿ. ಅಂದ್ರೆ ತಾನೇ ಜೀವ ಇದೆ ಅಂತ ಲೆಕ್ಕ!”

ಯಾರೂ ಓ ಎನ್ನಲಿಲ್ಲ. ಗಿಣಿ ನೆಲಕ್ಕೆ ಕುಸಿದು ಅಳುತ್ತಿದ್ದ, ಕೊನೆಗೂ ತನ್ನದೇ ದನಿಯಲ್ಲಿ. ಮುಚ್ಚಿದ ಕೋಣೆ ನಿಧಾನವಾಗಿ ಕಾಯತೊಡಗಿತು. ಸಾಹೇಬರು ಕೊರಳಪಟ್ಟಿ ಸಡಿಲಿಸಿಕೊಂಡರು. ತಜ್ಞ ದುಭಾಷಿಯನ್ನು ಮೊಣಕೈಯಿಂದ ತಿವಿದು, ಈ ಹೆಂಗಸು ಅಷ್ಟು ಜೋರಾಗಿ ನಗುತ್ತಿರುವುದು ಯಾವ ಜೋಕಿಗೆ ಎಂದು ಕೇಳಿದ.